ಉತ್ಸಾಹವೇ ಇಲ್ಲದಾಗ ವರ್ಕ್‌ಶಾಪ್ ನಡೆಸುವುದು ಹೇಗೆ? ಮೊದಲು ಬಿಲ್ಲು ಬರೆಯಿರಿ

"ಬೆಳಿಗ್ಗೆ ಶಟರ್ ಎತ್ತುವುದಕ್ಕೂ ಮನಸ್ಸು ಬರುವುದಿಲ್ಲ. ಸ್ವಂತ ಉದ್ದಿಮೆ, ನಿಲ್ಲಿಸುವಂತೆಯೂ ಇಲ್ಲ. ಇಂಥ ದಿನಗಳಲ್ಲೂ ಹೆಚ್ಚು ಕೆಲಸ ತೆಗೆಯುವುದು ಹೇಗೆ?" ಎಂದು ಕೇಳಿದ್ದೀರಿ. ಈ ಸ್ಥಿತಿಯಲ್ಲಿ ನಾನಿದ್ದೆ. ಆದರೆ ಹೆಚ್ಚು ಕೆಲಸ ತೆಗೆಯುವುದು ಇದಕ್ಕೆ ಪರಿಹಾರ ಎಂಬುದನ್ನು ನಾನು ಒಪ್ಪುವುದಿಲ್ಲ. ಮನಸ್ಸು ಪೂರ್ತಿ ಕುಸಿದಿದ್ದ ಕಾಲದಲ್ಲಿಯೇ ನಾನು ಎಂದಿಗಿಂತ ಹೆಚ್ಚು ದುಡಿದೆ. ಉದ್ದಿಮೆ ಮುಳುಗುವ ಹಂತಕ್ಕೆ ಬಂದದ್ದೂ ಆಗಲೇ.

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್ ಇದೆ. ಸುತ್ತಮುತ್ತ ಫೌಂಡ್ರಿಗಳಿವೆ, ಪಂಪು ಮತ್ತು ವಾಲ್ವ್ ಮಾಡುವ ಕಂಪನಿಗಳಿವೆ. ಅವರು ಬೀಡುಕಬ್ಬಿಣದ ಎರಕದ ಭಾಗಗಳನ್ನು, ಅಂದರೆ ಕಾಸ್ಟಿಂಗ್, ಕಳಿಸುತ್ತಾರೆ, ನಾವು ಟರ್ನಿಂಗ್, ಬೋರಿಂಗ್, ಡ್ರಿಲ್ಲಿಂಗ್ ಮಾಡಿ ಹಿಂದಿರುಗಿಸುತ್ತೇವೆ. ಮಾಲು ಅವರದು, ಕೂಲಿ ನಮ್ಮದು. ಕಾಸ್ಟಿಂಗ್ ಬರುವುದೂ ಹೋಗುವುದೂ ಚಲನ್ ಮೇಲೆ, ಅಂದರೆ ಮಾಲಿನ ಜೊತೆ ಹೋಗುವ ಚೀಟಿಯ ಮೇಲೆ. ತಿಂಗಳ ಕೊನೆಗೆ ಚಲನ್‌ಗಳನ್ನೆಲ್ಲ ಕೂಡಿಸಿ ಕೂಲಿಯ ಬಿಲ್ಲು ಮಾಡುವುದು ನಮ್ಮ ಪದ್ಧತಿಯಾಗಿತ್ತು. ಇದನ್ನು ನೆನಪಿನಲ್ಲಿಡಿ, ಮುಂದಿನದೆಲ್ಲ ಇದರಿಂದಲೇ ಹುಟ್ಟಿದ್ದು.

ಶಾಪ್ ಕಟ್ಟಿದವರು ನಮ್ಮ ತಂದೆ. ಮಷೀನುಗಳ ಜವಾಬ್ದಾರಿ ನನ್ನದು, ಬಿಲ್ಲು, ವಸೂಲಿ, ಬ್ಯಾಂಕು ಅವರದು. ಅವರು ತೀರಿಕೊಂಡ ಮೇಲೆ ಕಚೇರಿಯ ಆ ಟೇಬಲ್ ನನ್ನ ಪಾಲಿಗೆ ಬಂತು. ನನಗೆ ಅಲ್ಲಿ ಕೂರಲಾಗಲಿಲ್ಲ. ಡ್ರಾಯರ್ ಎಳೆದರೆ ಅವರ ಕನ್ನಡಕದ ಡಬ್ಬಿ, ಅವರ ಕೈಬರಹದ ವಸೂಲಿ ಪಟ್ಟಿ. ಕೆಲವು ದಿನ ಹೋಗಲಿ, ಆಮೇಲೆ ನೋಡೋಣ ಎಂದುಕೊಂಡು ಲೇತ್ ಮುಂದೆ ಹೋಗಿ ನಿಂತೆ. ಬೆಳಿಗ್ಗೆ ಎಂಟಕ್ಕೆ ನಿಂತರೆ ರಾತ್ರಿ ಒಂಬತ್ತರವರೆಗೂ ಅಲ್ಲೇ. ಬೋರ್ ಅಳತೆ ಸರಿಯಾಗಿ ಕೂತರೆ ಸಿಗುವ ಸಮಾಧಾನ ದೊಡ್ಡದು. ಡಯಲ್ ಗೇಜಿನ ಮುಳ್ಳು ಸುಳ್ಳು ಹೇಳುವುದಿಲ್ಲ, ಪ್ರಶ್ನೆಯನ್ನೂ ಕೇಳುವುದಿಲ್ಲ. ಮೈಯೆಲ್ಲ ಬೀಡಿನ ಕಪ್ಪು ಪುಡಿ ಮೆತ್ತಿಕೊಂಡು ಮನೆಗೆ ಹೋದಾಗ ನೋಡಿದವರೆಲ್ಲ "ಎಷ್ಟು ದುಡಿಯುತ್ತಾನೆ" ಎನ್ನುತ್ತಿದ್ದರು. ನಾನೂ ಅದನ್ನೇ ನಂಬಿದ್ದೆ.

ಮಾಡಿದ ತಪ್ಪು ಒಂದೇ: ಚಲನ್ ಕಳಿಸಿದೆ, ಬಿಲ್ಲು ಕಳಿಸಲಿಲ್ಲ. ಕೇಳಲು ಇದು ಸಣ್ಣ ಮಾತು. ಇದು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಶಾಪಿನಲ್ಲಿಯೂ ಇದೇ ನಡೆಯುತ್ತಿರಬಹುದು ಎಂಬ ಅನುಮಾನ ನನಗಿದೆ.

ಬಿಲ್ಲು ಹೋಗದಿದ್ದರೆ ಕಂಪನಿಯ ಲೆಕ್ಕ ವಿಭಾಗದಲ್ಲಿ ನಿಮಗೆ ಕೊಡಬೇಕಾದ ಬಾಕಿಯೇ ಇರುವುದಿಲ್ಲ. ಸ್ಟೋರಿನವರ ಪುಸ್ತಕದಲ್ಲಿ ಮಾಲು ಬಂದಿದೆ, ಆದರೆ ಹಣ ಕೊಡುವವರಿಗೆ ನೀವು ಕೆಲಸ ಮಾಡಿದ್ದೇ ಗೊತ್ತಿಲ್ಲ. ಹಾಗಾಗಿ ಹಣ ಬರುವುದು ನಿಂತಿತು. ಹಳೆಯ ಬಿಲ್ಲುಗಳ ಮೇಲಿನ ಜಿಎಸ್‌ಟಿ ಮಾತ್ರ ನಾನು ಕಟ್ಟಲೇಬೇಕಿತ್ತು, ಪ್ರತಿ ತಿಂಗಳು 20ರೊಳಗೆ 3ಬಿ ರಿಟರ್ನ್ (ತಿಂಗಳ ತೆರಿಗೆಯ ಲೆಕ್ಕ ಕೊಟ್ಟು ಹಣ ಕಟ್ಟುವ ನಮೂನೆ) ಸಲ್ಲಿಸಿ. ಕೈಯಲ್ಲಿ ಹಣವಿಲ್ಲದೆ ಒಂದು ತಿಂಗಳು ಅದು ತಪ್ಪಿತು. ತಡವಾದ ದಿನಕ್ಕೆ 50 ರೂಪಾಯಿ ಶುಲ್ಕ, ಬಾಕಿ ತೆರಿಗೆಗೆ ವರ್ಷಕ್ಕೆ ಶೇ 18ರ ಬಡ್ಡಿ. ಇದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಇದರ ನಂತರದ್ದು. ಹಿಂದಿನ ತಿಂಗಳ 3ಬಿ ಸಲ್ಲಿಸದಿದ್ದರೆ ಈ ತಿಂಗಳ ಜಿಎಸ್‌ಟಿಆರ್-1 (ನಾವು ಕೊಟ್ಟ ಬಿಲ್ಲುಗಳ ಪಟ್ಟಿ) ಸಲ್ಲಿಸಲು ತೆರಿಗೆ ಪೋರ್ಟಲ್ ಬಿಡುವುದಿಲ್ಲ. ನಾವು 11ನೇ ತಾರೀಖಿನೊಳಗೆ ಅದನ್ನು ಸಲ್ಲಿಸಿದರೆ ಮಾತ್ರ 14ಕ್ಕೆ ತಯಾರಾಗುವ ಗಿರಾಕಿಯ 2ಬಿ ಪಟ್ಟಿಯಲ್ಲಿ ನಮ್ಮ ಬಿಲ್ಲು ಕಾಣಿಸುತ್ತದೆ. ಕಾಣಿಸದಿದ್ದರೆ ಅವನಿಗೆ ಆ ತಿಂಗಳು ಹೂಡುವಳಿ ತೆರಿಗೆಯ ಜಮೆ (ನಮ್ಮ ಬಿಲ್ಲಿನ ಜಿಎಸ್‌ಟಿಯನ್ನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ, ಅಷ್ಟು ಮೊತ್ತವನ್ನು ಅವನು ಕೈಯಿಂದ ಕಟ್ಟಬೇಕು. ಯಾವ ಗಿರಾಕಿ ಇದನ್ನು ಸಹಿಸುತ್ತಾನೆ? ನಾನು ಸರಿಯಾಗಿ ಬಿಲ್ಲು ಕೊಟ್ಟಿದ್ದ ಒಂದಿಬ್ಬರೂ "ನಿಮ್ಮ ರಿಟರ್ನ್ ಬರಲಿ, ಆಮೇಲೆ ಹಣ" ಎಂದು ತಡೆಹಿಡಿದರು. ಅವರ ಕಡೆಯಿಂದ ಅದು ನ್ಯಾಯವೇ.

ಮುಂದಿನ ತಿಂಗಳ 3ಬಿಯೂ ತಪ್ಪಿತು. ಸತತ ಎರಡು ತಿಂಗಳ 3ಬಿ ಬಾಕಿ ಉಳಿದರೆ ಮಾಲು ಸಾಗಿಸಲು ಬೇಕಾದ ಆನ್‌ಲೈನ್ ಪತ್ರ, ಅಂದರೆ ಇ-ವೇ ಬಿಲ್ಲೂ ಬಂದ್ ಆಗುತ್ತದೆ. ಕೊಲ್ಹಾಪುರಕ್ಕೆ ಹೋಗಬೇಕಿದ್ದ ನಮ್ಮ ಸ್ವಂತ ಮಾಲಿನ ಲೋಡು ಟೆಂಪೋದಲ್ಲಿ ತುಂಬಿ ನಿಂತಿತ್ತು. ಅದರ ಬೆಲೆ 50 ಸಾವಿರಕ್ಕಿಂತ ಹೆಚ್ಚು, ಇ-ವೇ ಬಿಲ್ಲಿಲ್ಲದೆ ಕದಲುವಂತಿಲ್ಲ. ಪೋರ್ಟಲ್ ನಿರಾಕರಿಸಿತು. ರಾತ್ರಿಯೆಲ್ಲ ನಿಂತು ಮಾಡಿದ ಕೆಲಸ ಗೇಟಿನೊಳಗೇ ಉಳಿಯಿತು.

ಈಗ ಈ ಸುತ್ತನ್ನು ನೋಡಿ. ಬಿಲ್ಲಿಲ್ಲ, ಆದ್ದರಿಂದ ಹಣವಿಲ್ಲ. ಹಣವಿಲ್ಲ, ಆದ್ದರಿಂದ ರಿಟರ್ನ್ ಇಲ್ಲ. ರಿಟರ್ನ್ ಇಲ್ಲ, ಆದ್ದರಿಂದ ಬಿಲ್ಲು ಕೊಟ್ಟ ಕಡೆಯ ಹಣವೂ ಇಲ್ಲ. ನನಗೆ ಉತ್ಸಾಹ ಹೋದದ್ದರಿಂದ ವ್ಯವಹಾರ ಕೆಟ್ಟಿತು ಎಂದುಕೊಂಡಿದ್ದೆ. ಅದು ಶುರುವಿನ ಕೆಲವು ವಾರಗಳ ಮಟ್ಟಿಗೆ ನಿಜ. ಆಮೇಲಿನದು ತಿರುಗಾಮುರುಗಾ: ದುಡಿದರೂ ಗಲ್ಲಾ ತುಂಬದ ಕಡೆ ಯಾವ ಮನುಷ್ಯನಿಗೆ ಉತ್ಸಾಹ ಉಳಿಯುತ್ತದೆ? ಬ್ಯಾಂಕಿನ ಕಂತು, ಬಾಡಿಗೆ, ಪ್ರತಿ ಎಚ್‌ಪಿಗೆ ಇಷ್ಟು ಎಂದು ಹೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ಬರುವ ನಿಗದಿತ ಶುಲ್ಕ, ಇವು ಮಾಲೀಕನ ಮನಸ್ಸು ನೋಡಿ ಬರುವುದಿಲ್ಲ. ಮಷೀನು ತಿರುಗಲಿ ಬಿಡಲಿ, ಬರುತ್ತವೆ.

ದೀಪಾವಳಿಯ ಬೋನಸ್ ಕೊಡಬೇಕಾದ ವಾರದಲ್ಲಿ ಎಲ್ಲ ಬಯಲಾಯಿತು. ಖಾತೆಯಲ್ಲಿ ಹಣವಿರಲಿಲ್ಲ. ನಮ್ಮ ತಂದೆಯ ಕಾಲದಿಂದ ಇರುವ ಆಪರೇಟರ್ ಒಬ್ಬರಿದ್ದಾರೆ, ನಾವೆಲ್ಲ ಕಾಕಾ ಎನ್ನುತ್ತೇವೆ. ಅವರು ಬಂದು ಮಷೀನ್ ಆಫ್ ಮಾಡಿದರು. "ಸಾಹೇಬರೇ, ಲೇತ್ ನಡೆಸಲು ನೀವು ನಮಗೆ ಸಂಬಳ ಕೊಡುತ್ತೀರಿ. ಆ ಟೇಬಲ್ಲಿಗೆ ಕೂರಲು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ನೀವು ಅಲ್ಲಿಗೆ ಹೋಗಿರಿ" ಎಂದರು. ಗದರಿಕೆ ಇರಲಿಲ್ಲ, ಬೇಡಿಕೊಳ್ಳುವ ದನಿಯಿತ್ತು. ಅವರ ಮಗಳ ಫೀಸು ಆ ಬೋನಸ್ಸಿನ ಮೇಲೆ ನಿಂತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಆ ರಾತ್ರಿ ಹೆಂಡತಿಯನ್ನು ಕರೆದುಕೊಂಡು ಬಂದು ಡ್ರಾಯರ್ ತೆರೆದೆ. ಅವಳು ಚಲನ್ ಓದಿದಳು, ನಾನು ರೇಟು ಹಾಕಿದೆ. ಬಿಲ್ಲಾಗದ ಕೂಲಿ ಹನ್ನೊಂದು ಲಕ್ಷದ ಹತ್ತಿರ ಬಂತು. ಜಾಬ್ ವರ್ಕ್, ಅಂದರೆ ಬೇರೆಯವರ ಮಾಲಿಗೆ ಮಾಡುವ ಕೂಲಿ ಕೆಲಸ, ಕಾನೂನಿನ ಲೆಕ್ಕದಲ್ಲಿ ಸೇವೆ, ಸೇವೆ ಮುಗಿದ 30 ದಿನಗಳೊಳಗೆ ಬಿಲ್ಲು ಕೊಡಬೇಕು. ನಮ್ಮದು ಎಷ್ಟೋ ತಿಂಗಳು ಹಳೆಯದು. ಹೆಚ್ಚಿನ ಗಿರಾಕಿಗಳು ಬೈದು ಒಪ್ಪಿಕೊಂಡರು. ಒಂದು ಕಂಪನಿ ಮಾತ್ರ ಮಾರ್ಚಿಗೆ ಪುಸ್ತಕ ಮುಗಿದಿದೆ, ಪರ್ಚೇಸ್ ಆರ್ಡರ್ ಅವಧಿಯೂ ಮುಗಿದಿದೆ ಎಂದು ಹಳೆಯ ಚಲನ್‌ಗಳನ್ನು ವಾಪಸ್ ಕಳಿಸಿತು. ಮೂರು ಲಕ್ಷದಷ್ಟು ಹಣ ಹೋಯಿತು, ಜೊತೆಗೆ ತಂದೆ ಇಪ್ಪತ್ತು ವರ್ಷ ಕಾಪಾಡಿದ್ದ ಗಿರಾಕಿಯೂ. ಬೋನಸ್ ಕೊಡಲು ಹಳೆಯ ಲೇತ್ ಒಂದನ್ನು ಮಾರಿದೆ.

ಹಾಗಾಗಿ ನಿಮಗೆ ನನ್ನ ಸಲಹೆ ಇಲ್ಲಿ ಉತ್ತರ ಬರೆದ ಬೇರೆಯವರು ಕೊಟ್ಟ ಹಾಗೆ ಇಲ್ಲ. ಬೆಳಗಿನ ಐದಕ್ಕೆ ಏಳುವುದು, ಗುರಿಗಳ ಪಟ್ಟಿ ಗೋಡೆಗೆ ಅಂಟಿಸುವುದು, ಸ್ಫೂರ್ತಿಯ ವೀಡಿಯೊ ನೋಡುವುದು, ಇವನ್ನೆಲ್ಲ ಬಿಡಿ. ಮನಸ್ಸು ಬತ್ತಿದ ಮಾಲೀಕ ಹೆಚ್ಚಾಗಿ ಕೈಕಟ್ಟಿ ಕೂರುವುದಿಲ್ಲ. ತನಗೆ ಚೆನ್ನಾಗಿ ಬರುವ ಕೆಲಸದ ಹಿಂದೆ ಅಡಗಿಕೊಳ್ಳುತ್ತಾನೆ. ಅಡುಗೆಯವನು ಒಲೆಯ ಹಿಂದೆ, ಟೈಲರ್ ಮಷೀನಿನ ಹಿಂದೆ. ನೀವು ಯಾವುದರ ಹಿಂದೆ ಅಡಗಿದ್ದೀರಿ, ಯಾವ ಕಾಗದವನ್ನು ಮುಟ್ಟುತ್ತಿಲ್ಲ ಎಂಬುದನ್ನು ಮೊದಲು ಗುರುತಿಸಿ. ನಿಮ್ಮಲ್ಲಿ ಅದು ಬಿಲ್ಲು ಆಗಿರದೆ ಇರಬಹುದು, ಪಾಲುದಾರನೊಂದಿಗೆ ಆಡಬೇಕಾದ ಮಾತಾಗಿರಬಹುದು, ಬ್ಯಾಂಕಿನಿಂದ ಬಂದು ಒಡೆಯದೆ ಇಟ್ಟ ಲಕೋಟೆಯಾಗಿರಬಹುದು. ಅದನ್ನು ಬಿಟ್ಟು ಉಳಿದ ಎಲ್ಲವನ್ನೂ ಎಷ್ಟೇ ಚುರುಕಾಗಿ ಮಾಡಿದರೂ ಫಲವಿಲ್ಲ.

ನಾನು ಮಾಡಿದ ಬದಲಾವಣೆಗಳಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದು ಗೇಟಿನ ನಿಯಮ. ತಿಂಗಳ ಕೊನೆಯ ಬಿಲ್ಲಿಂಗ್ ನಿಲ್ಲಿಸಿದೆ. ಈಗ ಪ್ರತಿ ಚಲನ್ ಮೇಲೆ ಬಿಲ್ಲಿನ ನಂಬರ್ ಬರೆಯದೆ ಮಾಲು ಗೇಟು ದಾಟುವುದಿಲ್ಲ. ನನಗೆ ಮನಸ್ಸಿರಲಿ ಇಲ್ಲದಿರಲಿ, ಗಾಡಿಯವನು ಹಾರ್ನ್ ಹೊಡೆಯುತ್ತಾ ನಿಂತಿರುತ್ತಾನೆ, ಬಿಲ್ಲು ಮಾಡಲೇಬೇಕು. ಇಚ್ಛಾಶಕ್ತಿಯನ್ನು ನಂಬಬೇಡಿ, ಅದು ಕಷ್ಟದ ದಿನಗಳಲ್ಲೇ ಕೈಕೊಡುತ್ತದೆ. ತಪ್ಪಿಸಿಕೊಳ್ಳಲಾಗದ ಜಾಗದಲ್ಲಿ ಕೆಲಸವನ್ನು ಕಟ್ಟಿಹಾಕಿ.

ಇನ್ನೊಂದು, ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್ ಗೊತ್ತಿರುವ ಒಬ್ಬರನ್ನು ದಿನಕ್ಕೆ ಎರಡು ಗಂಟೆಗೆ ಇಟ್ಟುಕೊಂಡೆ. ಹಣದ ಅಡಚಣೆಯ ನಡುವೆ ಇದು ದಂಡದ ಖರ್ಚು ಎಂದು ಬಂಧುಗಳು ಹೇಳಿದರು. ನಾನು ಅವರ ಮಾತು ಕೇಳಲಿಲ್ಲ, ನೀವೂ ಕೇಳಬೇಡಿ. ಆ ಲೆಕ್ಕದವರ ಜೊತೆ ಕುಳಿತು ಗೋಡೆಯ ಕ್ಯಾಲೆಂಡರಿನಲ್ಲಿ ನಾಲ್ಕು ತಾರೀಖುಗಳಿಗೆ ಸುತ್ತು ಹಾಕುತ್ತೇನೆ: 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ 3ಬಿ. ತೀರಾ ಕೆಟ್ಟ ತಿಂಗಳಲ್ಲಿ ಈ ನಾಲ್ಕು ಮತ್ತು ಸಂಬಳದ ದಿನ ತಪ್ಪದಿದ್ದರೆ ಸಾಕು, ಆ ತಿಂಗಳು ನೀವು ಉದ್ದಿಮೆ ನಡೆಸಿದ್ದೀರಿ. ಹೊಸ ಗಿರಾಕಿ, ಹೊಸ ಯೋಜನೆ ಎಲ್ಲ ಕಾಯಲಿ. ಹುಮ್ಮಸ್ಸು ಬರಲಿ ಎಂದು ಸಾಲ ಮಾಡಿ ಹೊಸ ಮಷೀನು ತರುವುದಂತೂ ಬೇಡವೇ ಬೇಡ. ಈ ಬೀದಿಯಲ್ಲೇ ಹಾಗೆ ಮಾಡಿ ಶಾಪ್ ಕಳೆದುಕೊಂಡವರನ್ನು ಕಂಡಿದ್ದೇನೆ.

ವಸೂಲಿಗೆ ಫೋನ್ ಮಾಡಲು ಸಂಕೋಚ ಎಂದಿದ್ದೀರಿ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿದ್ದೀರಾ? ಇಲ್ಲದಿದ್ದರೆ ಇವತ್ತೇ ಮಾಡಿಸಿ, ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಹಣ ಕೊಡಲು ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ, ಲಿಖಿತ ಕರಾರಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ಪೋರ್ಟಲಿನಲ್ಲಿ ದೂರು ಕೊಡಬಹುದು, ಆದರೆ ಆ ಗಿರಾಕಿ ಮುಂದೆ ಬೇಡ ಎನ್ನುವಾಗ ಮಾತ್ರ ಅದನ್ನು ಬಳಸಿ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು 43ಬಿ(ಎಚ್) ಎಂಬ ಹೆಸರಿನಲ್ಲಿ ಬಂದ ಆದಾಯ ತೆರಿಗೆಯ ನಿಯಮ. 2023ರ ಹಣಕಾಸು ಕಾಯ್ದೆ ತಂದ ಈ ನಿಯಮದಂತೆ, ಆ ಗಡುವಿನೊಳಗೆ ಕೊಡದ ಹಣವನ್ನು ಕಂಪನಿ ಕೊಟ್ಟ ವರ್ಷದಲ್ಲಿ ಮಾತ್ರ ಖರ್ಚು ಎಂದು ತೋರಿಸಬಹುದು. ಹಣಕಾಸು ವರ್ಷ ಮುಗಿಯುವ ಮುನ್ನ, ಫೆಬ್ರುವರಿಯಲ್ಲಿ, ನಿಮ್ಮ ಉದ್ಯಮ್ ಪ್ರಮಾಣಪತ್ರದ ಜೊತೆ ಬಾಕಿ ಪಟ್ಟಿಯನ್ನು ಮೇಲ್ ಮಾಡಿ. ಜಗಳವಿಲ್ಲದೆ ಉತ್ತರ ಬರುತ್ತದೆ. ಇದು ತಯಾರಿಕೆ ಮತ್ತು ಸೇವೆಯವರಿಗೆ ಅನ್ವಯ, ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಇಲ್ಲ.

ನಿದ್ದೆಯೂ ಇಲ್ಲ, ಊಟವೂ ಸೇರುತ್ತಿಲ್ಲ ಎಂದು ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಉಳಿದವರು ಅದನ್ನು ಗಮನಿಸಿಲ್ಲ. ಅದು ವಾರಗಳಿಂದ ನಡೆದಿದ್ದರೆ ಬಿಲ್ಲಿಗಿಂತ ಮೊದಲು ವೈದ್ಯರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ನಾನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿದ್ದೆ. ತಂದೆಯನ್ನು ಕಳೆದುಕೊಂಡ ದುಃಖವನ್ನು ಯಾರ ಮುಂದೆಯೂ ಆಡದೆ ಲೇತ್ ಮುಂದೆ ನಿಂತಿದ್ದೆ ಎಂಬುದನ್ನು ನನ್ನ ಬಾಯಿಂದಲೇ ಹೇಳಿಸಿದವರು ಅಲ್ಲಿನ ವೈದ್ಯರು. ಬೇಗ ಹೋಗಿದ್ದರೆ ಆ ಗಿರಾಕಿ ಉಳಿಯುತ್ತಿದ್ದ ಎಂದು ಈಗಲೂ ನನಗನ್ನಿಸುತ್ತದೆ.

ಶಾಪ್ ಮುಚ್ಚಿ ನೌಕರಿಗೆ ಹೋಗಲೇ ಎಂದೂ ಕೇಳಿದ್ದೀರಿ. ಅದನ್ನು ಈಗ ತೀರ್ಮಾನಿಸಬೇಡಿ. ಬಾಕಿ ಬಿಲ್ಲುಗಳೆಲ್ಲ ಹೋಗಿ, ರಿಟರ್ನ್‌ಗಳು ಸರಿಹೋಗಿ, ಬರಬೇಕಾದ ಹಣದಲ್ಲಿ ಅರ್ಧವಾದರೂ ಬಂದ ಮೇಲೆ ಲೆಕ್ಕ ಹಾಕಿ. ಆಗಲೂ ಲಾಭವಿಲ್ಲದಿದ್ದರೆ ಮುಚ್ಚುವುದರಲ್ಲಿ ಅವಮಾನವೇನಿಲ್ಲ. ಯಾವ ಕಸುಬು, ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಕೆಳಗೆ ಬರೆದರೆ, ಯಾವ ಬಾಕಿಯಿಂದ ಶುರು ಮಾಡಬೇಕೆಂದು ನನಗೆ ತಿಳಿದಷ್ಟು ಹೇಳುತ್ತೇನೆ.