ಕಿವಿಗಾಗಿ ಕಾದು ಕೂತಿದ್ದೀರಿ, ಮೊದಲು ಕಾಲಿನದ್ದು ಕೇಳಿ

ಪ್ರಶ್ನೆ: ನಾನು ಹಾವೇರಿ ಜಿಲ್ಲೆ ಸವಣೂರು ತಾಲ್ಲೂಕಿನವನು. 1986ರಲ್ಲಿ ಸೇನೆಗೆ ಸೇರಿ 2010ರಲ್ಲಿ ಹವಾಲ್ದಾರ್ ಆಗಿ ನಿವೃತ್ತನಾದೆ. 1999ರ ಜೂನ್‌ನಲ್ಲಿ ದ್ರಾಸ್‌ನಲ್ಲಿದ್ದಾಗ ಹತ್ತಿರದಲ್ಲೇ ಶೆಲ್ ಬಿದ್ದು ಎಡಗಾಲಿಗೆ ಚೂರು ಹೊಕ್ಕಿತು. ಅವತ್ತಿನಿಂದಲೇ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು. ಆಮೇಲೂ ಲೋ ಮೆಡಿಕಲ್ ಕೆಟಗರಿಯಲ್ಲಿ (ಪೂರ್ತಿ ಫಿಟ್ ಅಲ್ಲದವರ ವರ್ಗದಲ್ಲಿ) ಸೇವೆ ಮಾಡಿದೆ. ಕಿವಿ ಮಂದವಾಗಿದೆ ಎಂದು ದಾಖಲಾಗಿದ್ದು 2004ರಲ್ಲಿ, ಸಿಕಂದರಾಬಾದ್‌ನಲ್ಲಿದ್ದಾಗ. ನಿವೃತ್ತಿ ವೇಳೆಯ ಮೆಡಿಕಲ್ ಬೋರ್ಡ್ ಕಾಲಿಗೆ ಶೇ 20 ಕೊಟ್ಟು, ಸೇವೆಯಿಂದಾದದ್ದು ಎಂದು ಒಪ್ಪಿತು. ಕಿವಿಗೂ ಶೇ 20 ಕೊಟ್ಟಿತು, ಆದರೆ ‘ಪೀಸ್ ಸ್ಟೇಷನ್‌ನಲ್ಲಿ (ಯುದ್ಧವಿಲ್ಲದ ಊರಿನಲ್ಲಿ) ಶುರುವಾಗಿದೆ, ಸೇವೆಗೆ ಸಂಬಂಧವಿಲ್ಲ’ ಎಂದು ಬರೆಯಿತು. ಮೊದಲ ಮೇಲ್ಮನವಿ 2011ರಲ್ಲಿ ತಿರಸ್ಕಾರವಾಯಿತು. ಆಮೇಲೆ ಕೈಚೆಲ್ಲಿ ಕೂತೆ. ಈಗ ಹುಬ್ಬಳ್ಳಿಯಲ್ಲಿ ಒಬ್ಬರು ‘ಕೇಸ್ ಗೆಲ್ಲಿಸಿಕೊಡ್ತೇನೆ, ಬರುವ ಬಾಕಿಯಲ್ಲಿ ಮೂರರಲ್ಲೊಂದು ಪಾಲು ಕೊಡಿ’ ಅಂತಿದ್ದಾರೆ. ಏನು ಮಾಡಲಿ? ಪಿಪಿಒ (ಪೆನ್ಶನ್ ಮಂಜೂರಾತಿ ಆದೇಶ) ಪ್ರತಿ ಲಗತ್ತಿಸಿದ್ದೇನೆ.

ಉತ್ತರ: ಹವಾಲ್ದಾರ್ ಸಾಹೇಬರೇ, ಈಗಲೂ ಹೋರಾಡಬಹುದು. ಆದರೆ ನಿಮ್ಮ ಪಿಪಿಒ ನೋಡಿ ನನಗೆ ಸಂಕಟವಾಗಿದ್ದು ಕಾಲಿನ ವಿಷಯಕ್ಕೆ. ಇಷ್ಟು ವರ್ಷ ನೀವು ಕಿವಿಯದ್ದೇ ನೋವು ಇಟ್ಟುಕೊಂಡು ಕೂತಿದ್ದೀರಿ. ಅತ್ತ ಕಾಲಿಗೆ ಬರಬೇಕಾದ ದುಡ್ಡಿನಲ್ಲಿ ದೊಡ್ಡ ಪಾಲು ಬರುತ್ತಲೇ ಇಲ್ಲ.

ಪಿಪಿಒದಲ್ಲಿ ಕಾಲಿಗೆ ಸಾಮಾನ್ಯ ಡಿಸೆಬಿಲಿಟಿ ಎಲಿಮೆಂಟ್ (ಪೆನ್ಶನ್ ಜೊತೆ ಅಂಗವೈಕಲ್ಯಕ್ಕೆ ಕೊಡುವ ಮೊತ್ತ) ಹಾಕಿದ್ದಾರೆ, ಅದೂ ನೇರ ಶೇ 20ರ ಲೆಕ್ಕದಲ್ಲಿ. ಇದರಲ್ಲಿ ಎರಡು ತಪ್ಪಿವೆ.

ಒಂದು, ರೌಂಡಿಂಗ್. ಅಂಗವೈಕಲ್ಯ ಶೇ 50ಕ್ಕಿಂತ ಕಡಿಮೆ ಇದ್ದರೆ ಅದನ್ನು 50 ಎಂದು, 50ರಿಂದ 75ರವರೆಗೆ ಇದ್ದರೆ 75 ಎಂದು, ಅದಕ್ಕಿಂತ ಹೆಚ್ಚಿದ್ದರೆ 100 ಎಂದು ಹಿಡಿಯಬೇಕು. ಮೊದಲು ಇದನ್ನು ಅಂಗವೈಕಲ್ಯದ ಕಾರಣಕ್ಕೇ ಮನೆಗೆ ಕಳಿಸಿದವರಿಗೆ ಮಾತ್ರ ಕೊಡುತ್ತಿದ್ದರು. ಸೇವೆ ಮುಗಿಸಿ ನಿವೃತ್ತರಾದವರಿಗೂ ಕೊಡಬೇಕು ಎಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಅರ್ಜಿ ತಿರಸ್ಕಾರವಾಗಿದ್ದು 2011ರಲ್ಲಿ. ಆ ತೀರ್ಪು ಬಂದಿದ್ದೇ ಆಮೇಲೆ.

ಇನ್ನೊಂದು ಇದಕ್ಕಿಂತ ದೊಡ್ಡದು. ಆಪರೇಷನ್ ವಿಜಯ್‌ನಲ್ಲಿ, ಅಂದರೆ ಕಾರ್ಗಿಲ್ ಯುದ್ಧದಲ್ಲಿ, ಶತ್ರುವಿನ ಶೆಲ್ ತಗುಲಿ ಆದ ಗಾಯವನ್ನು ಮಾಮೂಲಿ ಅಂಗವೈಕಲ್ಯ ಎಂದು ಹಿಡಿಯುವ ಹಾಗೇ ಇಲ್ಲ. ರಕ್ಷಣಾ ಸಚಿವಾಲಯದ 2001ರ ಜನವರಿ 31ರ ಆದೇಶದಲ್ಲಿ ಗಾಯ, ಕಾಯಿಲೆ, ಸಾವುಗಳನ್ನು ಎ ಇಂದ ಇ ವರೆಗೆ ವರ್ಗ ಮಾಡಿದ್ದಾರೆ. ಶತ್ರುವಿನ ದಾಳಿಯಲ್ಲಿ ಆದದ್ದು ‘ಇ’ ವರ್ಗ. ಅದಕ್ಕೆ ಸಿಗಬೇಕಾದದ್ದು ವಾರ್ ಇಂಜುರಿ ಎಲಿಮೆಂಟ್, ಅಂದರೆ ಯುದ್ಧದ ಗಾಯಕ್ಕೆ ಕೊಡುವ ಮೊತ್ತ. ಗಾಯದ ನಂತರವೂ ಸೇವೆಯಲ್ಲಿ ಉಳಿದು ನಿವೃತ್ತರಾದ ನಿಮ್ಮಂಥವರಿಗೆ ಅದರ ದರ ಸಾಮಾನ್ಯ ಡಿಸೆಬಿಲಿಟಿ ಎಲಿಮೆಂಟಿನ ಎರಡರಷ್ಟು.

ಲೆಕ್ಕ ಹಾಕಿ ತೋರಿಸುತ್ತೇನೆ. ಪೆನ್ಶನ್ನಿಗೆ ಹಿಡಿದ ನಿಮ್ಮ ಕೊನೆಯ ಸಂಬಳ ₹10,000 ಅಂದುಕೊಳ್ಳಿ. ಪೂರ್ತಿ ಶೇ 100 ಅಂಗವೈಕಲ್ಯಕ್ಕೆ ಸಾಮಾನ್ಯ ಎಲಿಮೆಂಟ್ ಸಂಬಳದ ಶೇ 30, ಅಂದರೆ ₹3,000. ಅದರ ಶೇ 20 ಎಂದರೆ ₹600, ಈಗ ನಿಮಗೆ ಸಿಗುತ್ತಿರುವುದು ಈ ರೀತಿಯದ್ದು. 50ಕ್ಕೆ ರೌಂಡ್ ಮಾಡಿದರೆ ₹1,500. ವಾರ್ ಇಂಜುರಿ ಎಂದು ಹಿಡಿದು ರೌಂಡ್ ಮಾಡಿದರೆ ₹3,000. ಐದು ಪಟ್ಟು! ಆಮೇಲಿನ ವೇತನ ಆಯೋಗ, ಓಆರ್‌ಒಪಿ (ಒಂದೇ ಹುದ್ದೆಗೆ ಒಂದೇ ಪೆನ್ಶನ್) ಎಲ್ಲ ಸೇರಿ ರೂಪಾಯಿ ಲೆಕ್ಕ ಬದಲಾಗುತ್ತದೆ, ಆದರೆ ಅಂತರ ಎಷ್ಟು ದೊಡ್ಡದು ಅನ್ನೋದು ಗೊತ್ತಾಯ್ತಲ್ವಾ?

ಈಗ ಕಿವಿಗೆ ಬರೋಣ. ಕಾಲು 20, ಕಿವಿ 20, ಎರಡೂ ಸೇರಿದರೂ 40 ದಾಟುವುದಿಲ್ಲ. ಕಾಲೊಂದಕ್ಕೇ 50ರ ಲೆಕ್ಕ ಸಿಗುವುದಾದರೆ, ಕಿವಿ ಸೇರಿದ ಮೇಲೂ ಅದೇ 50. ಹಾಗಾಗಿ ಇವತ್ತಿನ ದುಡ್ಡಿನ ಮಟ್ಟಿಗೆ ಕಿವಿಯಿಂದ ಹೆಚ್ಚೇನೂ ಸೇರುವುದಿಲ್ಲ. ಹಾಗಂತ ಬಿಡಬೇಡಿ. ವಯಸ್ಸಾದಂತೆ ಕಿವಿ ಇನ್ನೂ ಹಾಳಾಗಬಹುದು. ಮರುಪರೀಕ್ಷೆ ಕೇಳಿ ಒಟ್ಟು ಲೆಕ್ಕ 50 ಮುಟ್ಟಿ 75ರ ದರ ಸಿಗಬೇಕಾದರೆ, ಮೊದಲು ಕಿವಿ ಸೇವೆಯಿಂದಲೇ ಹೋಗಿದ್ದು ಅಂತ ಒಪ್ಪಿರಬೇಕು. ಅಷ್ಟಕ್ಕೂ ನಿಮ್ಮ ಕಿವಿ ಹೋಗಿದ್ದು ಶೆಲ್ಲಿನಿಂದ. ಅದು ದಾಖಲೆಯಲ್ಲಿ ಸರಿಯಾಗಿ ಬರಬೇಕು ಅನ್ನೋ ನಿಮ್ಮ ಆಸೆ ನ್ಯಾಯವಾದದ್ದೇ.

‘ಪೀಸ್ ಸ್ಟೇಷನ್‌ನಲ್ಲಿ ಶುರುವಾಗಿದೆ’ ಅನ್ನೋ ವಾಕ್ಯ ಬೋರ್ಡ್ ಕಾಗದಗಳಲ್ಲಿ ಎಷ್ಟು ಸಲ ನೋಡಿದ್ದೇನೋ. ಪತ್ತೆಯಾದ ದಿನವನ್ನೇ ಶುರುವಾದ ದಿನ ಅಂತ ಬರೆದುಬಿಡುತ್ತಾರೆ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಭರ್ತಿಯಾಗುವಾಗ ಆ ತೊಂದರೆ ಇತ್ತು ಎಂಬ ಟಿಪ್ಪಣಿ ಇಲ್ಲದಿದ್ದರೆ ಆರೋಗ್ಯವಾಗಿಯೇ ಸೇರಿದ್ದ ಎಂದು ಹಿಡಿಯಬೇಕು. ಸೇವೆಗೆ ಸಂಬಂಧವಿಲ್ಲ ಎಂದು ತೋರಿಸುವ ಹೊರೆ ಇಲಾಖೆಯದ್ದು, ಸೈನಿಕನದ್ದಲ್ಲ. ಸಂಬಂಧವಿಲ್ಲ ಎಂದರೆ ಯಾಕೆ ಅನ್ನೋದಕ್ಕೆ ಬೋರ್ಡ್ ಕಾರಣ ಬರೆಯಬೇಕು. ಒಂದೇ ಸಾಲು ಗೀಚಿದರೆ ಸಾಲದು.

ಇನ್ನು ಕಾಗದಗಳು. ದಯವಿಟ್ಟು ಇದನ್ನು ನಿಧಾನ ಓದಿ, ಯಾಕೆಂದರೆ ಇಂಥ ಕೇಸು ನಿಲ್ಲುವುದು ಬೀಳುವುದು ಇದರ ಮೇಲೆಯೇ. ಮೊದಲು ಮನೆಯ ಟ್ರಂಕು ತೆಗೆಯಿರಿ. ಪದಕಗಳಲ್ಲಿ ಪರಾಕ್ರಮ ಪದಕ ಇದೆಯಾ ನೋಡಿ. ಶತ್ರುವಿನಿಂದ ಗಾಯಗೊಂಡವರಿಗೇ ಕೊಡುವ ಪದಕ ಅದು. ಇದ್ದರೆ ವಾರ್ ಇಂಜುರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಇಲ್ಲದಿದ್ದರೂ ಚಿಂತೆ ಬೇಡ. ಡಿಸ್ಚಾರ್ಜ್ ಬುಕ್ಕಿನಲ್ಲಿ ಗಾಯದ ನಮೂದು ಹುಡುಕಿ. ಆಮೇಲೆ ನಿಮ್ಮ ರೆಜಿಮೆಂಟಿನ ಸೇವಾ ದಾಖಲೆ ಇಡುವ ರೆಕಾರ್ಡ್ಸ್ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ, ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಆದರೆ ಬೆಂಗಳೂರು. ₹10ರ ಪೋಸ್ಟಲ್ ಆರ್ಡರ್ ಸಾಕು, 30 ದಿನದೊಳಗೆ ಉತ್ತರ ಕೊಡಬೇಕು. ಕೇಳಬೇಕಾದದ್ದು: 1999ರ ಇಂಜುರಿ ರಿಪೋರ್ಟ್, ಬ್ಯಾಟಲ್ ಕ್ಯಾಶುವಾಲ್ಟಿ (ಯುದ್ಧದಲ್ಲಿ ಗಾಯಗೊಂಡವರು) ಎಂದು ಹೊರಡಿಸಿದ ಪಾರ್ಟ್ ಟೂ ಆರ್ಡರ್ (ಸೇವಾ ದಾಖಲೆಗೆ ಸೇರಿಸುವ ಆದೇಶ), ನಿವೃತ್ತಿ ವೇಳೆಯ ಬೋರ್ಡಿನ ಪೂರ್ತಿ ಕಾಗದ, ಅದಕ್ಕೂ ಮುಂಚಿನ ಕೆಟಗರಿ ಬೋರ್ಡುಗಳ ಪ್ರತಿ, 2004ರ ಕಿವಿ ಪರೀಕ್ಷೆಯ ಗ್ರಾಫ್. ಇಂಜುರಿ ರಿಪೋರ್ಟಿನಲ್ಲಿ ಅಥವಾ ಆಸ್ಪತ್ರೆ ಕಾಗದದಲ್ಲಿ ಕಿವಿಯ ಬಗ್ಗೆ ಒಂದೇ ಒಂದು ಪದ ಇದ್ದರೂ ‘ಪೀಸ್ ಸ್ಟೇಷನ್’ ವಾದ ಅಲ್ಲಿಗೆ ಮುಗಿಯಿತು. ಈಗ ಹುಬ್ಬಳ್ಳಿಯಲ್ಲಿ ಹೊಸದಾಗಿ ಕಿವಿ ಪರೀಕ್ಷೆ ಮಾಡಿಸುತ್ತೇನೆ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಅದು ಇವತ್ತಿನ ಕಿವಿ ಹೇಗಿದೆ ಎಂದಷ್ಟೇ ಹೇಳುತ್ತದೆ.

ಕಾಗದ ಬಂದ ಮೇಲೆ ಎರಡು ಅರ್ಜಿ ಬೇರೆ ಬೇರೆ ಬರೆಯಿರಿ. ರೌಂಡಿಂಗ್ ಮತ್ತು ವಾರ್ ಇಂಜುರಿ ಕೇಳಿ ರೆಕಾರ್ಡ್ಸ್ ಆಫೀಸಿಗೆ ಒಂದು ಮನವಿ. ಕಿವಿಯ ಬಗ್ಗೆ ಎರಡನೇ ಮೇಲ್ಮನವಿ ಸಮಿತಿಗೆ ಇನ್ನೊಂದು. ಎರಡನೇ ಮೇಲ್ಮನವಿಗೆ ಆರು ತಿಂಗಳ ಗಡುವು ಇತ್ತು, ಅದು ಎಂದೋ ಮುಗಿದಿದೆ. ತಡವಾದ ಕಾರಣವನ್ನು ನೇರವಾಗಿ ಬರೆದು ಮನ್ನಿಸಲು ಕೇಳಿ. ಎರಡನ್ನೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿ. ಆರು ತಿಂಗಳಾದರೂ ಉತ್ತರ ಬರದಿದ್ದರೆ ಅಥವಾ ಇಲ್ಲ ಅಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಕರ್ನಾಟಕದವರಿಗೆ ಕೊಚ್ಚಿ ಪೀಠ.

ತಡವಾಯ್ತು ಅಂತ ಹಕ್ಕು ಸಾಯುವುದಿಲ್ಲ, ಪೆನ್ಶನ್ ಪ್ರತಿ ತಿಂಗಳೂ ಬರುವಂಥದ್ದು, ಕಡಿಮೆ ಕೊಟ್ಟರೆ ಪ್ರತಿ ತಿಂಗಳೂ ಹೊಸದಾಗಿ ಅನ್ಯಾಯವಾದಂತೆ. ಆದರೆ ಹಳೆಯ ಬಾಕಿ ಪೂರ್ತಿ ಸಿಗುತ್ತದೆ ಎಂದು ನಂಬಬೇಡಿ. 2008ರ ತರ್ಸೆಮ್ ಸಿಂಗ್ ತೀರ್ಪಿನ ಪ್ರಕಾರ ಸಾಮಾನ್ಯವಾಗಿ ಕೇಸ್ ಹಾಕಿದ ದಿನಕ್ಕಿಂತ ಹಿಂದಿನ ಮೂರು ವರ್ಷದ ಬಾಕಿ ಮಾತ್ರ. ನೀವು ಇನ್ನೊಂದು ತಿಂಗಳು ತಡ ಮಾಡಿದರೆ ಒಂದು ತಿಂಗಳ ಬಾಕಿ ಕೈಬಿಟ್ಟ ಹಾಗೆ.

ಕೊನೆಗೆ ಆ ಹುಬ್ಬಳ್ಳಿಯವರ ಪಾಲಿನ ಮಾತು. ಒಪ್ಪಬೇಡಿ. ವಕೀಲರು ಕೇಸಿನ ಫಲಿತಾಂಶದಲ್ಲಿ ಪಾಲು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ತಡೆಯುತ್ತದೆ. ವಕೀಲರಲ್ಲದವರು ಕೇಳುತ್ತಿದ್ದರೆ ಇನ್ನೂ ದೂರ ಇರಿ, ಮೂಲ ಕಾಗದಗಳನ್ನಂತೂ ಯಾರ ಕೈಗೂ ಕೊಡಬೇಡಿ. ಅರ್ಜಿ ಬರೆಯಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ನೆರವು ಕೇಳಿ, ಧಾರವಾಡದಲ್ಲಿದೆ. ಕೇಸ್ ಹಾಕುವ ಹಂತ ಬಂದರೆ ಹಾವೇರಿ ಕೋರ್ಟಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಅಂಗವಿಕಲರಿಗೆ ಉಚಿತ ಕಾನೂನು ನೆರವು ಕಾಯ್ದೆಯಲ್ಲೇ ಇದೆ. ಹೋಗುವಾಗ ಅಂಗವೈಕಲ್ಯದ ಪ್ರಮಾಣಪತ್ರ, ಪಿಪಿಒ ಮತ್ತು 2011ರ ತಿರಸ್ಕಾರದ ಪತ್ರದ ಜೆರಾಕ್ಸ್ ಒಯ್ಯಿರಿ.