ರಂಗೋಲಿ ಪುಡಿ ಯಾವ ಕಲ್ಲಿನದು ಅಂತ ಎಫ್‌ಟಿಐಆರ್‌ನಲ್ಲಿ ಗೊತ್ತಾಗುತ್ತಾ?

ಗೊತ್ತಾಗುತ್ತದೆ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅಂಗಡಿಯ ಬಿಳಿ ರಂಗೋಲಿ ಪುಡಿ ತಂದಿದ್ದೀರಿ, ಕಾಲೇಜಿನ ಎಫ್‌ಟಿಐಆರ್ (ವಸ್ತು ಯಾವ ಇನ್‌ಫ್ರಾರೆಡ್ ಬೆಳಕನ್ನು ಹೀರುತ್ತದೆ ಅಂತ ಗ್ರಾಫ್ ಬರೆದುಕೊಡುವ ಯಂತ್ರ) ಒಂದೇ ಸಾಕಾ ಅಂತ ಕೇಳಿದ್ದೀರಿ. ಬಹುಪಾಲು ಸಾಕು. ಸುಣ್ಣದ ಕಲ್ಲು, ಡಾಲಮೈಟ್, ಬಳಪದ ಕಲ್ಲು, ಬೆಣಚುಕಲ್ಲು ಎಲ್ಲವೂ ಪುಡಿಯಾದರೆ ಕಣ್ಣಿಗೆ ಒಂದೇ ಬಿಳಿ. ಇನ್‌ಫ್ರಾರೆಡ್‌ಗೆ ಹಾಗಲ್ಲ.

ಆರ್ಗ್ಯಾನಿಕ್ ಲ್ಯಾಬ್‌ನಲ್ಲಿ ಪಳಗಿದವರ ಕಣ್ಣು ಮೊದಲು ಗ್ರಾಫ್‌ನಲ್ಲಿ ಕಾರ್ಬೊನಿಲ್ ಪೀಕ್ ಬರುವ 1700ರ ಹತ್ತಿರ ಹೋಗುತ್ತದೆ (ಇಲ್ಲಿನ ಪೀಕ್ ಅಂಕಿಗಳೆಲ್ಲ ತರಂಗಸಂಖ್ಯೆ, cm⁻¹ನಲ್ಲಿ). ನೀವು 1500ಕ್ಕಿಂತ ಕೆಳಗೆ ನೋಡಿ. 1420ರ ಸುತ್ತ ಅಗಲವಾದ ದೊಡ್ಡ ಪೀಕ್ ಇದ್ದರೆ ಅದು ಕಾರ್ಬೊನೇಟ್. ಆದರೆ ಯಾವ ಕಾರ್ಬೊನೇಟ್ ಅಂತ ಹೇಳುವುದು ಕೆಳಗಿರುವ ಸಣ್ಣ ಚೂಪು ಪೀಕ್. ಕ್ಯಾಲ್ಸೈಟ್ (ಸುಣ್ಣದ ಕಲ್ಲಿನ ಖನಿಜ) ಆದರೆ 712, ಡಾಲಮೈಟ್ ಆದರೆ 728ರ ಆಸುಪಾಸು. ಕ್ಯಾಲ್ಸಿಯಂನ ಅರ್ಧ ಜಾಗದಲ್ಲಿ ಮೆಗ್ನೀಸಿಯಂ ಬಂದು ಕೂತಿದ್ದು ಅಷ್ಟರಲ್ಲೇ ತಿಳಿದುಬಿಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಇದು ಚೆಂದವೇ.

ಬೆಣಚುಕಲ್ಲಿಗೆ 798, 779ರ ಜೋಡಿ ಪೀಕ್ ಗುರುತು. ಅದು ಕಂಡರೆ ಪುಡಿ ಅರೆಯುವಾಗ ಮಾಸ್ಕ್ ಹಾಕಿ. ಸಿಲಿಕಾ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಬಳಪದ ಕಲ್ಲಿನಲ್ಲಿ ಹೆಚ್ಚಾಗಿ ಇರುವುದು ಟಾಲ್ಕ್. ಅದಕ್ಕೆ 1018ರ ಸುತ್ತ ದೊಡ್ಡ ಪೀಕ್, 3677ರಲ್ಲಿ ಸೂಜಿಯಂಥ ಇನ್ನೊಂದು. ಇಲ್ಲೇ ನಾನು ಒಮ್ಮೆ ತಪ್ಪು ಮಾಡಿದ್ದೆ. ಮಳೆಗಾಲ, ಪುಡಿಯನ್ನು ಬೆರೆಸಿ ಪೆಲೆಟ್ (ತೆಳು ಬಿಲ್ಲೆ) ಮಾಡಲು ಬಳಸುವ ಪೊಟ್ಯಾಸಿಯಂ ಬ್ರೋಮೈಡನ್ನು ಒಣಗಿಸದೆ ಒತ್ತಿದೆ. 3400ರ ಸುತ್ತ ಅಗಲವಾದ ಉಬ್ಬು ಬಂತು. ಖನಿಜದ ಹೈಡ್ರಾಕ್ಸಿಲ್ ಅಂತ ವರದಿಯಲ್ಲಿ ಬರೆದೂಬಿಟ್ಟೆ. ಅದು ಬರೀ ತೇವ. 1640ರ ಹತ್ತಿರ ಇನ್ನೊಂದು ಉಬ್ಬು ಇದೆಯಾ ಅಂತ ನೋಡಿದ್ದರೆ ಆಗಲೇ ತಿಳಿಯುತ್ತಿತ್ತು. ಹಾಗಾಗಿ ಹಿಂದಿನ ದಿನವೇ ಪೊಟ್ಯಾಸಿಯಂ ಬ್ರೋಮೈಡನ್ನು 110 ಡಿಗ್ರಿ ಓವನ್‌ನಲ್ಲಿಡಿ. 200 ಮಿಲಿಗ್ರಾಂಗೆ ಪುಡಿ 1 ಮಿಲಿಗ್ರಾಂ ಸಾಕು, ಆದರೆ ತುಂಬಾ ನುಣ್ಣಗೆ ಅರೆದಿರಬೇಕು. ತರಿ ಉಳಿದರೆ ಪೀಕ್‌ಗಳು ಸೊಟ್ಟಗಾಗುತ್ತವೆ.

ಪುಡಿಯಲ್ಲಿ ಅಡುಗೆ ಉಪ್ಪು ಬೆರೆತಿದ್ದರೆ ಮಾತ್ರ ಈ ಯಂತ್ರಕ್ಕೆ ಕಾಣುವುದಿಲ್ಲ. ಈ ವ್ಯಾಪ್ತಿಯಲ್ಲಿ ಉಪ್ಪಿಗೆ ಪೀಕೇ ಇಲ್ಲ. ಅದಕ್ಕೆ ಎಕ್ಸ್‌ಆರ್‌ಡಿ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ಬೇಕು. ಸಾಫ್ಟ್‌ವೇರ್ ತೋರಿಸುವ ಲೈಬ್ರರಿ ಹೊಂದಾಣಿಕೆಯನ್ನು ಸುಮ್ನೆ ನಂಬಬೇಡಿ, ಬೆರಕೆ ಪುಡಿಯಲ್ಲಿ ಅದು ಎಡವುತ್ತದೆ. ಮೊದಲ ದಿನ ಸ್ಲೇಟಿನ ಮೇಲೆ ಬರೆಯುವ ಕಲ್ಲಿನ ಬಳಪ ಒಂದನ್ನು ಅರೆದು ಹಾಕಿ. 3677ರ ಸೂಜಿ ಹೇಗಿರುತ್ತದೆ ಅಂತ ಕಣ್ಣಾರೆ ನೋಡಿಕೊಂಡು, ಆಮೇಲೆ ನಿಮ್ಮ ರಂಗೋಲಿ ಪುಡಿಗೆ ಕೈ ಹಾಕಿ.