ಆಸ್ಪತ್ರೆಯಲ್ಲಿ ವಯಸ್ಸಾದವರಿಗೆ ಡೆಲಿರಿಯಮ್ ಬಾರದಂತೆ ನರ್ಸ್‌ಗಳು ತಡೆಯಬಹುದೇ?

ಅಪ್ಪನಿಗೆ 78 ವರ್ಷ, ಸೊಂಟದ ಮೂಳೆ ಆಪರೇಷನ್‌ಗೆ ಹಾಸನದಿಂದ ಬೆಂಗಳೂರಿಗೆ ಕರೆತರುತ್ತಿದ್ದೇವೆ, ಆಮೇಲೆ ಡೆಲಿರಿಯಮ್ (ಇದ್ದಕ್ಕಿದ್ದಂತೆ ಗಮನ ನಿಲ್ಲದೆ ಮನಸ್ಸು ಗೊಂದಲವಾಗುವ ಸ್ಥಿತಿ) ಬರಬಹುದು ಅಂತ ಡಾಕ್ಟರ್ ಹೇಳಿದ್ದಾರೆ, ನರ್ಸ್‌ಗಳಿಂದ ತಡೆಯಲು ಆಗುತ್ತಾ ಅಂತ ಕೇಳಿದ್ದೀರಿ. ಪ್ರತಿ ಸಲ ಅಲ್ಲದಿದ್ದರೂ ಎಷ್ಟೋ ಸಲ ಆಗುತ್ತದೆ. ನಾನು ಇಲ್ಲಿನ ಒಂದು ಆಸ್ಪತ್ರೆಯ ಮೂಳೆ ವಾರ್ಡ್‌ನಲ್ಲಿ ಸ್ಟಾಫ್ ನರ್ಸ್.

ಅಮೆರಿಕದ ವೈದ್ಯೆ ಶಾರನ್ ಇನೋಯೆ ಮತ್ತು ಜೊತೆಗಾರರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಇದ್ದವರು 70 ವರ್ಷ ಮತ್ತು ಮೇಲ್ಪಟ್ಟ 852 ರೋಗಿಗಳು. ಹೊಸ ಔಷಧಿ ಏನೂ ಇರಲಿಲ್ಲ. ನಿದ್ದೆ, ನಡಿಗೆ, ನೀರು, ಕನ್ನಡಕ, ಕಿವಿಯ ಮೆಷಿನ್, ಇವತ್ತು ಯಾವ ದಿನ ಅಂತ ನೆನಪಿಸುವುದು, ಇಷ್ಟೇ. ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 15 ಜನರಿಗೆ ಡೆಲಿರಿಯಮ್ ಬಂದರೆ, ಹೀಗೆ ನೋಡಿಕೊಂಡವರಲ್ಲಿ ಸುಮಾರು 10 ಜನರಿಗೆ ಬಂತು. ಆದರೆ ಒಮ್ಮೆ ಬಂದ ಮೇಲೆ ಅದರ ತೀವ್ರತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ಮೊದಲ ದಿನದಿಂದಲೇ ಶುರು ಮಾಡಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಎಲ್ಲಕ್ಕಿಂತ ಕಷ್ಟ ರಾತ್ರಿ. ಹನ್ನೆರಡಕ್ಕೆ ಬಿಪಿ, ಎರಡಕ್ಕೆ ಇಂಜೆಕ್ಷನ್, ನಾಲ್ಕಕ್ಕೆ ರಕ್ತ ತೆಗೆಯುವುದು, ಪ್ರತಿ ಸಲವೂ ಟ್ಯೂಬ್‌ಲೈಟ್. ಹೀಗಾದರೆ ಯಾರಿಗೆ ನಿದ್ದೆ ಬರುತ್ತದೆ? ಡಾಕ್ಟರನ್ನು ಕೇಳಿ ಈ ಕೆಲಸಗಳನ್ನು ಒಟ್ಟಿಗೆ ಮುಗಿಸಿ, ಸಣ್ಣ ದೀಪ ಉಳಿಸಿ, ಮಾನಿಟರ್ ಸದ್ದು ತಗ್ಗಿಸಿದರೆ ನಾಲ್ಕೈದು ತಾಸಾದರೂ ಸತತ ನಿದ್ದೆ ಸಿಗುತ್ತದೆ. ನಿದ್ದೆ ಇಲ್ಲ ಅಂತ ತಕ್ಷಣ ಮಾತ್ರೆ ಕೇಳಬೇಡಿ. ಕೆಲವು ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳೇ ಗೊಂದಲ ಜಾಸ್ತಿ ಮಾಡುತ್ತವೆ. ಆದರೆ ಅಪ್ಪ ಮನೆಯಲ್ಲಿ ದಿನಾ ನಿದ್ದೆ ಮಾತ್ರೆ ತಗೊಳ್ಳುತ್ತಿದ್ದರೆ, ಮದ್ಯದ ಅಭ್ಯಾಸ ಇದ್ದರೆ, ಸಂಕೋಚ ಬಿಟ್ಟು ಮೊದಲೇ ಹೇಳಿ. ಅವು ಥಟ್ಟನೆ ನಿಂತರೂ ಡೆಲಿರಿಯಮ್ ಬರಬಹುದು.

ಮೂತ್ರದ ಪೈಪ್ ಬೇಕಾಗಿಲ್ಲದಿದ್ದರೆ ಬೇಗ ತೆಗೆಸುವುದು ನಮ್ಮ ಜವಾಬ್ದಾರಿ. ದಿನಾ ಬೆಳಿಗ್ಗೆ ರೌಂಡ್ಸ್‌ನಲ್ಲಿ ನಾನೇ ನೆನಪಿಸುತ್ತೇನೆ. ನೋವು ಎಷ್ಟಿದೆ, ಮಲವಿಸರ್ಜನೆ ಆಯಿತಾ ಅಂತಲೂ ಕೇಳುತ್ತೇವೆ. ಮಲಬದ್ಧತೆಯೂ ಡೆಲಿರಿಯಮ್‌ಗೆ ಒಂದು ಕಾರಣ. ಡಾಕ್ಟರ್ ಒಪ್ಪಿದ ದಿನವೇ ಎಬ್ಬಿಸಿ ಕೂರಿಸುತ್ತೇವೆ. ಗಾಬರಿಯಾದವರ ಕೈ ಕಟ್ಟಿಹಾಕುವುದು ನನಗೆ ಒಂಚೂರೂ ಒಪ್ಪಿಗೆಯಿಲ್ಲ. ಕಟ್ಟಿದಷ್ಟೂ ಗಾಬರಿ ಹೆಚ್ಚುತ್ತದೆ.

ಬೆಂಗಳೂರಲ್ಲಿ ಇನ್ನೊಂದು ವಿಷಯ ಇದೆ. ಇಲ್ಲಿನ ನರ್ಸ್‌ಗಳಲ್ಲಿ ತುಂಬಾ ಜನ ಕೇರಳದವರು, ಈಶಾನ್ಯ ರಾಜ್ಯದವರು. ಕೆಲಸದಲ್ಲಿ ಚುರುಕು, ಆದರೆ ಹೊಸಬರಿಗೆ ಕನ್ನಡ ಬರುವುದಿಲ್ಲ. ಹಳ್ಳಿಯಿಂದ ಬಂದ ಅಜ್ಜನಿಗೆ ಸುತ್ತಲಿನ ಮಾತೇ ಅರ್ಥವಾಗದಿದ್ದರೆ ತಾನೆಲ್ಲಿದ್ದೇನೆ ಅನ್ನುವುದು ಹೇಗೆ ತಿಳಿಯಬೇಕು? "ಅಜ್ಜಾ, ಇದು ಆಸ್ಪತ್ರೆ, ಇವತ್ತು ಗುರುವಾರ, ನಿಮ್ಮ ಮಗ ಹೊರಗಿದ್ದಾರೆ", ಇಷ್ಟನ್ನು ನಮ್ಮ ವಾರ್ಡ್‌ನಲ್ಲಿ ಎಲ್ಲರಿಗೂ ಹೇಳಿಕೊಡುತ್ತೇವೆ.

ಕಳೆದುಹೋಗುತ್ತದೆ ಅಂತ ಕನ್ನಡಕ, ಹಲ್ಲಿನ ಸೆಟ್, ಕಿವಿಯ ಮೆಷಿನ್ ಮನೆಯಲ್ಲಿ ಬಿಟ್ಟು ಬರಬೇಡಿ. ಹೆಸರು ಬರೆದ ಡಬ್ಬಿಯಲ್ಲಿ ಹಾಕಿ ತನ್ನಿ. ಜೊತೆಗೆ ಉಳಿಯುವವರು ದಿನಕ್ಕೊಬ್ಬರು ಬದಲಾಗದಿದ್ದರೆ ಒಳ್ಳೆಯದು.

ಕಿರುಚಾಡುವವರ ಕಡೆ ಎಲ್ಲರೂ ಓಡುತ್ತಾರೆ. ಸುಮ್ನೆ ಮಲಗಿರುವ, ಕರೆದರೆ ಅರೆಗಣ್ಣು ಬಿಡುವ, ಊಟ ಬೇಡ ಅನ್ನುವ ಡೆಲಿರಿಯಮ್ ಕೂಡ ಇದೆ. ಸುಸ್ತು ಅಂತ ಬಿಟ್ಟುಬಿಡುತ್ತಾರೆ. ನಾವು ಭಾನುವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳಿಸಿ ಗಮನ ನಿಲ್ಲುತ್ತದಾ ನೋಡುತ್ತೇವೆ. ಆದರೆ ನಿಮ್ಮ ಅಪ್ಪ ಯಾವಾಗಲೂ ಹೇಗಿರುತ್ತಾರೆ ಅನ್ನುವುದು ನಿಮಗಲ್ಲದೆ ನಮಗೆ ಗೊತ್ತಿರುವುದಿಲ್ಲ, ಅಲ್ವಾ? "ಸಿಸ್ಟರ್, ನಿನ್ನೆ ಹೀಗಿರಲಿಲ್ಲ" ಅಂತ ರಾತ್ರಿ ಎರಡು ಗಂಟೆಗಾದರೂ ಬಂದು ಹೇಳಿ. ಸೋಂಕು, ಸೋಡಿಯಂ ಇಳಿದಿರುವುದು, ಮೂತ್ರ ಕಟ್ಟಿರುವುದು, ಏನಿದೆ ಅಂತ ಡ್ಯೂಟಿ ಡಾಕ್ಟರ್ ಆಗಲೇ ಬಂದು ನೋಡಬೇಕು.